ಔಷಧವನ್ನು ಇಳಿಸುವ ಬಗೆ

ಕಾಯಿಲೆ ಬಂದಾಗ ಔಷಧ ತೆಗೆದುಕೊಳ್ಳುವುದು ಹೇಗೆಂದು ಹೇಳುವವರು ಹಲವರಿದ್ದಾರೆ. ಗುಣವಾದ ಮೇಲೆ ಅದನ್ನು ಬಿಡುವುದು ಹೇಗೆಂದು ಹೇಳುವವರು ಕಡಿಮೆ. ಖಿನ್ನತೆಗೆ ಕೊಡುವ ಗುಳಿಗೆಗಳ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ.

ನಾನಿರುವುದು ಬೆಂಗಳೂರಿನ ಪೂರ್ವದಂಚಿನ ಬ್ರೂಕ್‌ಫೀಲ್ಡ್‌ನಲ್ಲಿ. ಕಂಪ್ಯೂಟರ್ ಕಂಪನಿಗಳನ್ನು ನಂಬಿ ಬದುಕುವ ಬಡಾವಣೆ ಇದು. ಇಲ್ಲಿ ಕೈ ಮುರಿದವನು ಕಟ್ಟು ತೋರಿಸಿ ರಜೆ ಕೇಳಬಲ್ಲ. ಮನಸ್ಸು ಕುಸಿದವನು ಏನನ್ನು ತೋರಿಸಬೇಕು? ಆದುದರಿಂದ ಗುಟ್ಟಾಗಿ ಗುಳಿಗೆ ನುಂಗುವವರು, ಸ್ವಲ್ಪ ಹಗುರವೆನಿಸಿದೊಡನೆ, ಗುಟ್ಟಾಗಿಯೇ ನಿಲ್ಲಿಸಿಯೂ ಬಿಡುತ್ತಾರೆ. ಅಪಾಯವಿರುವುದು ಅಲ್ಲಿಯೇ.

ಎರಡು ವರ್ಷ ಔಷಧ ಸೇವಿಸಿ ಚೇತರಿಸಿಕೊಂಡ ನನಗೆ, ಪ್ರಮಾಣವನ್ನು ತಗ್ಗಿಸಬಹುದೆಂದು ವೈದ್ಯರೇ ಹೇಳಿದರು. ತಗ್ಗಿಸಿದ ಮೂರನೆಯ ದಿನ, ಕುಂದಲಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಕಣ್ಣು ಹೊರಳಿಸಿದೊಡನೆ ತಲೆಯೊಳಗೆ ವಿದ್ಯುತ್ತು ಹರಿದಂತಾಯಿತು. ತಲೆಸುತ್ತು, ಓಕರಿಕೆ, ರಾತ್ರಿಯೆಲ್ಲ ವಿಚಿತ್ರ ಕನಸುಗಳು, ಕಾರಣವಿಲ್ಲದ ಸಿಡುಕು. “ಏನ್ರೀ, ಮತ್ತೆ ಅದೇ ಶುರುವಾಯಿತೆ?” ಎಂದು ಹೆಂಡತಿ ಕೇಳಿದಳು. ಆ ಪ್ರಶ್ನೆಯಲ್ಲಿದ್ದ ಅಂಜಿಕೆ ನನ್ನದೂ ಆಗಿತ್ತು.

ಈ ಉಪದ್ರವ ಹೊಸದಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ರೋಲಂಡ್ ಕುನ್ ಇಮಿಪ್ರಮಿನ್ ಎಂಬ ಔಷಧದ ಗುಣವನ್ನು ಪ್ರಕಟಿಸಿದ್ದು ೧೯೫೭ರಲ್ಲಿ. ಅದನ್ನು ನಿಲ್ಲಿಸಿದಾಗ ಬರುವ ತೊಂದರೆಗಳು ೧೯೫೯ರ ಹೊತ್ತಿಗೇ ವೈದ್ಯರ ಗಮನಕ್ಕೆ ಬಂದವು. ಇದು ಚಟವಲ್ಲ, ಮನಸ್ಸಿನ ದುರ್ಬಲತೆಯೂ ಅಲ್ಲ. ಔಷಧಕ್ಕೆ ಹೊಂದಿಕೊಂಡ ಮಿದುಳಿಗೆ ಅದಿಲ್ಲದ ಸ್ಥಿತಿಗೆ ಹೊಂದಿಕೊಳ್ಳಲು ಕಾಲ ಬೇಕು. ಪ್ಯಾರೊಕ್ಸೆಟಿನ್, ವೆನ್ಲಫ್ಯಾಕ್ಸಿನ್‌ಗಳು ಶರೀರದಿಂದ ಬೇಗ ಹೊರಟುಹೋಗುವುದರಿಂದ ಅವುಗಳಲ್ಲಿ ತೊಂದರೆ ಹೆಚ್ಚು. ವಾರಗಟ್ಟಲೆ ಉಳಿಯುವ ಫ್ಲುಯೊಕ್ಸೆಟಿನ್‌ನಲ್ಲಿ ಸಾಮಾನ್ಯವಾಗಿ ಕಡಿಮೆ. ಎಲ್ಲರಿಗೂ ಹೀಗಾಗುವುದಿಲ್ಲ. ೨೦೨೪ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದ ಒಂದು ಪರಾಮರ್ಶೆಯಂತೆ, ಔಷಧ ಬಿಟ್ಟದ್ದೇ ಕಾರಣವಾಗಿ ತೊಂದರೆಪಡುವವರು ಆರೇಳು ಜನರಲ್ಲಿ ಒಬ್ಬರು.

ಹಾಗಾದರೆ ಮರಳಿ ಬಂದ ಕಾಯಿಲೆಯನ್ನೂ ಈ ತೊಂದರೆಯನ್ನೂ ಬೇರೆಮಾಡಿ ಕಾಣುವುದು ಹೇಗೆ? ಪ್ರಮಾಣ ತಗ್ಗಿಸಿದ ಕೆಲವೇ ದಿನಗಳಲ್ಲಿ, ಹಿಂದೆಂದೂ ಇಲ್ಲದಿದ್ದ ತಲೆಸುತ್ತು ಮಿಂಚುಗಳೊಡನೆ ಬಂದು, ಹಳೆಯ ಪ್ರಮಾಣಕ್ಕೆ ಮರಳಿದೊಡನೆ ಬೇಗ ಶಮನವಾದರೆ ಅದು ಬಹುಮಟ್ಟಿಗೆ ಔಷಧ ತಗ್ಗಿಸಿದ್ದರ ಫಲ. ಖಿನ್ನತೆಯಾದರೋ ಸಾಮಾನ್ಯವಾಗಿ ವಾರಗಳ, ತಿಂಗಳುಗಳ ಮೇಲೆ ಮೆಲ್ಲಗೆ ಕವಿಯುತ್ತದೆ. ಆದರೂ ಈ ಗೆರೆ ಎಲ್ಲರಲ್ಲಿಯೂ ಸ್ಪಷ್ಟವಾಗಿರುವುದಿಲ್ಲ. ನಿರ್ಣಯ ವೈದ್ಯರಿಗೇ ಸೇರಿದ್ದು.

ಇನ್ನೊಂದು ಲೆಕ್ಕ ನನಗೆ ಬಹಳ ಉಪಕಾರಿಯಾಯಿತು. ೨೦೧೯ರಲ್ಲಿ ಹೊರೊವಿಟ್ಸ್ ಮತ್ತು ಟೇಲರ್ ಎಂಬ ವೈದ್ಯವಿಜ್ಞಾನಿಗಳು ಅದನ್ನು ವಿವರಿಸಿದರು. ೨೦ ಮಿಲಿಗ್ರಾಂ ಸಿಟಲೊಪ್ರಾಂ ಮಿದುಳಿನಲ್ಲಿ ಸೆರೊಟೊನಿನ್ ಸಾಗಿಸುವ ಕಣಗಳ ಪೈಕಿ ಶೇಕಡ ೮೦ರಷ್ಟನ್ನು ಹಿಡಿದಿಡುತ್ತದೆ. ಅದರ ಅರ್ಧ ಪ್ರಮಾಣ ಕೂಡ ಸುಮಾರು ಶೇಕಡ ೭೦ನ್ನು ಹಿಡಿಯುತ್ತದೆ. ಅಂದರೆ ೨೦ರಿಂದ ೧೦ಕ್ಕೆ ಇಳಿದಾಗ ಸಡಿಲುವುದು ಹತ್ತಂಶ. ೧೦ರಿಂದ ಸೊನ್ನೆಗೆ ಹಾರಿದರೆ ಉಳಿದ ಎಪ್ಪತ್ತಂಶವೂ. ಕಲ್ಯಾಣಿಯಲ್ಲಿ ಪಾಚಿಗಟ್ಟಿರುವುದು ಕೆಳಗಿನ ಮೆಟ್ಟಿಲುಗಳೇ ಅಲ್ಲವೆ? ಕಡೆಕಡೆಗೆ ಹೆಜ್ಜೆ ಇನ್ನೂ ಚಿಕ್ಕದಾಗಬೇಕು. ದಿನ ಬಿಟ್ಟು ದಿನ ನುಂಗುವುದು ಇದಕ್ಕೆ ಉಪಾಯವಲ್ಲ. ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಗಳನ್ನು ಪುಡಿಮಾಡಲೂ ಬಾರದು; ಚಿಕ್ಕ ಪ್ರಮಾಣದ ಗುಳಿಗೆಯೋ ದ್ರವರೂಪದ ಔಷಧವೋ ದೊರೆಯುವುದೇ ಎಂದು ವೈದ್ಯರನ್ನು ಕೇಳಬೇಕು.

ನನ್ನ ವೈದ್ಯರು ಒಂದು ಮೆಟ್ಟಿಲು ಮೇಲೇರಿಸಿ, ಕೆಲವು ವಾರ ನಿಲ್ಲಿಸಿ, ಮತ್ತೆ ಮೆಲ್ಲನೆ ಇಳಿಸಿದರು. ಎಂಟು ತಿಂಗಳು ಹಿಡಿಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಂಡತಿ ಆಯಾ ದಿನದ ಪ್ರಮಾಣವನ್ನೂ ನನ್ನ ನಿದ್ದೆಯನ್ನೂ ಗುರುತಿಸಿದಳು. ಕಷ್ಟದ ದಿನಗಳಲ್ಲಿ ಆ ಗುರುತುಗಳನ್ನು ನೋಡಿ, ಹಿಂದಿನ ಇಂಥ ದಿನವೂ ಕಳೆದುಹೋಯಿತೆಂದು ಧೈರ್ಯ ತಂದುಕೊಳ್ಳುತ್ತಿದ್ದೆವು.

ಬದುಕು ಬೇಡವೆಂಬ ಯೋಚನೆ ಸುಳಿದರೆ ಮಾತ್ರ ಕಾಯಬಾರದು. ಒಡನೆಯೇ ವೈದ್ಯರನ್ನು ಕಾಣಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್‌ನ ೧೪೪೧೬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಉಳಿದಂತೆ, ಔಷಧ ತಗ್ಗಿಸುವ ದಿನವನ್ನು ವೈದ್ಯರೊಡನೆ ಗೊತ್ತುಮಾಡಿಕೊಂಡು ಮನೆಯವರಲ್ಲಿ ಒಬ್ಬರಿಗಾದರೂ ಮೊದಲೇ ತಿಳಿಸಿರಿ. ಏನಾಗುತ್ತಿದೆಯೆಂದು ಬಲ್ಲವರು ಜೊತೆಗಿದ್ದರೆ ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ.