ಧಕ್ಕೆಯಿಂದ ಪ್ಲಾಟ್‌ಫಾರ್ಮಿಗೆ

ರೋಮ್ ನಗರ ನೋಡಲೆಂದು ಪ್ರವಾಸಿ ಹಡಗು ಹತ್ತಿದವರು ಇಳಿಯುವುದು ರೋಮಿನಲ್ಲಲ್ಲ, ಅಲ್ಲಿಗೆ ಸುಮಾರು 80 ಕಿಲೋಮೀಟರು ದೂರದ ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ. ಆ 80 ಕಿಲೋಮೀಟರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರೈಲಿದೆ, ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ತಲುಪಿಸುತ್ತದೆ. ಹೊರಡುವ ಮೊದಲು ಜನ ಮತ್ತೆ ಮತ್ತೆ ವಿಚಾರಿಸಿಕೊಳ್ಳುವುದು ಬೇರೆಯದನ್ನೇ. ಹಡಗು ನಿಂತ ಧಕ್ಕೆಯಿಂದ ಬಂದರಿನ ಗೇಟಿನವರೆಗೆ ಹೋಗುವುದು ಹೇಗೆ? ಬಂದರಿನ ಬಸ್ಸು ಲಾರ್ಗೊ ದೆಲ್ಲಾ ಪಾಚೆ ಎಂಬಲ್ಲಿ ಇಳಿಸಿಬಿಟ್ಟ ಮೇಲೆ ಸ್ಟೇಷನ್ನಿಗೆ ನಡೆದೇ ಹೋಗಬಹುದೇ? ಕೈಯಲ್ಲಿ ಎರಡು ಸೂಟ್‌ಕೇಸು, ಜೊತೆಗೆ ವಯಸ್ಸಾದ ತಾಯಿ ಇದ್ದರೆ? ಸಾವಿರಾರು ಮೈಲು ಸಮುದ್ರ ದಾಟಿ ಬಂದವರಿಗೆ ಒಂದೆರಡು ಕಿಲೋಮೀಟರು ನೆಲ ದೊಡ್ಡ ಚಿಂತೆಯಾಗುವುದು ಮೇಲ್ನೋಟಕ್ಕೆ ತಮಾಷೆ ಅನ್ನಿಸುತ್ತದೆ. ಆದರೆ ಆ ಚಿಂತೆ ಅಕಾರಣವಲ್ಲ. ಪ್ರಯಾಣದ ಉದ್ದಕ್ಕೂ ಹೊರೆಗೆ ಒಬ್ಬರಲ್ಲ ಒಬ್ಬರು ಜವಾಬ್ದಾರರಿರುತ್ತಾರೆ. ಯಾರೂ ಇಲ್ಲದಿರುವುದು ಈ ನಡುವಿನ ತುಂಡಿನಲ್ಲಿ ಮಾತ್ರ.

ಹಡಗಿನಲ್ಲಿ ಏನಾಗುತ್ತದೆ ನೋಡಿ. ಇಳಿಯುವ ಹಿಂದಿನ ರಾತ್ರಿ ಪ್ರಯಾಣಿಕರು ಪೆಟ್ಟಿಗೆಗೆ ಬಣ್ಣದ ಚೀಟಿ ಕಟ್ಟಿ ಕ್ಯಾಬಿನ್ನಿನ ಬಾಗಿಲ ಹೊರಗೆ ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಅದು ಟರ್ಮಿನಲ್ಲಿನ ಹಾಲಿನಲ್ಲಿ, ಅದೇ ಬಣ್ಣದ ಸಾಲಿನಲ್ಲಿ ಕಾಯುತ್ತಿರುತ್ತದೆ. ಸಾವಿರಾರು ಜನರ ಸಾಮಾನನ್ನು ಒಂದೇ ರಾತ್ರಿಯಲ್ಲಿ ಮಹಡಿ ಮಹಡಿಯಿಂದ ಇಳಿಸಿ, ವಿಂಗಡಿಸಿ, ದಡಕ್ಕೆ ಮುಟ್ಟಿಸುವುದು ಸಣ್ಣ ಕೆಲಸವಲ್ಲ. ಅಷ್ಟು ಅಚ್ಚುಕಟ್ಟು ವ್ಯವಸ್ಥೆ ಆ ಹಾಲಿನ ಹೊರಬಾಗಿಲಲ್ಲಿ ತಟ್ಟನೆ ನಿಂತುಹೋಗುತ್ತದೆ. ರೈಲ್ವೆಯ ಹೊಣೆ ಶುರುವಾಗುವುದು ಸ್ಟೇಷನ್ನಿನ ಬಾಗಿಲಲ್ಲಿ. ನಡುವಿನ ರಸ್ತೆ ನಗರಸಭೆಯದು, ಗೇಟಿನ ಒಳಗಿನ ಜಾಗ ಬಂದರಿನದು, ಬಸ್ಸು ಇನ್ಯಾರದೋ. ಇವರೆಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರಬಹುದು, ಆದರೂ ಪೆಟ್ಟಿಗೆ ಹಿಡಿದವನು ಪೇಚಾಡುತ್ತಾನೆ.

ಇದು ಹೀಗೇ ಇರಬೇಕಾದದ್ದೇನೂ ಅಲ್ಲ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಮುಂಬಯಿಯೇ ಸಾಕ್ಷಿ. ಅಲ್ಲಿನ ಬ್ಯಾಲಾರ್ಡ್ ಪಿಯರ್‌ನಲ್ಲಿ ಧಕ್ಕೆಯ ಮೇಲೆಯೇ ಒಂದು ರೈಲು ನಿಲ್ದಾಣವಿತ್ತು. 1912ರಲ್ಲಿ ಪಂಜಾಬ್ ಮೇಲ್ ಶುರುವಾದಾಗ, ಆಗ ಅದರ ಹೆಸರು ಪಂಜಾಬ್ ಲಿಮಿಟೆಡ್, ಹೊರಡುತ್ತಿದ್ದುದು ಅಲ್ಲಿಂದಲೇ. ಇಂಗ್ಲೆಂಡಿನಿಂದ ಬಂದ ಹಡಗಿನಿಂದ ಇಳಿದವರು ನೇರವಾಗಿ ಪೇಶಾವರದ ರೈಲು ಹತ್ತಬಹುದಿತ್ತು. 1928ರಲ್ಲಿ ಬಂದ ಫ್ರಾಂಟಿಯರ್ ಮೇಲ್ ಕೂಡ ವರ್ಷದ ಕೆಲವು ತಿಂಗಳು ಅಲ್ಲಿಂದ ಹೊರಡುತ್ತಿತ್ತು. ಪೂರ್ವ ಕರಾವಳಿಯಲ್ಲಿ ಧನುಷ್ಕೋಡಿಯ ಕಥೆಯೂ ಇಂಥದೇ. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದರಾಸಿನ ಬೋಟ್ ಮೇಲ್ ಹಡಗುಕಟ್ಟೆಯ ತನಕ ಹೋಗುತ್ತಿತ್ತು, ಅಲ್ಲಿಂದ ಸ್ಟೀಮರು, ಆಚೆ ದಡದ ತಲೈಮನ್ನಾರಿನಿಂದ ಮತ್ತೆ ಕೊಲಂಬೊದ ರೈಲು. 1964ರ ಡಿಸೆಂಬರಿನ ಚಂಡಮಾರುತ ಆ ಊರನ್ನೂ ಹಳಿಯನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಯಿತು.

ಪ್ರಯಾಣಿಕರ ಮೇಲಿನ ಮಮಕಾರದಿಂದ ಬ್ರಿಟಿಷರು ಹಳಿಯನ್ನು ಧಕ್ಕೆಗೆ ಎಳೆದರು ಎಂದುಕೊಂಡರೆ ನಾವು ಮೋಸಹೋದಂತೆ. ಪಂಜಾಬ್ ಲಿಮಿಟೆಡ್‌ನಲ್ಲಿ ಇದ್ದದ್ದು ಆರು ಬೋಗಿ. ಮೂರು ಅಂಚೆಗೆ, ಮೂರು ಜನರಿಗೆ. ಆ ಮೂರರಲ್ಲಿ ಒಟ್ಟು 96 ಜನರಿಗೆ ಜಾಗ. ಅಂದರೆ ಅರ್ಧ ರೈಲು ಓಡುತ್ತಿದ್ದುದೇ ಅಂಚೆಚೀಲಗಳಿಗಾಗಿ. ಲಂಡನ್ನಿನ ಕಾಗದಪತ್ರ ಒಂದು ದಿನ ತಡವಾದರೆ ಸರ್ಕಾರಕ್ಕೆ ತೊಂದರೆ, ವ್ಯಾಪಾರಕ್ಕೆ ನಷ್ಟ. ಹಾಗಾಗಿ ಚೀಲಗಳು ಬೀದಿಗೆ ಬೀಳದಂತೆ, ಹಡಗಿನ ಪಕ್ಕದಲ್ಲೇ ಬೋಗಿ ತುಂಬುವಂತೆ ಏರ್ಪಾಟಾಯಿತು; ಜನರಿಗೆ ಸಿಕ್ಕಿದ್ದು ಅಂಚೆಯ ಪುಣ್ಯದಿಂದ. ಹೊರೆ ಅಧಿಕಾರಸ್ಥರದಾಗಿದ್ದಾಗ ಹಡಗು ರೈಲುಗಳ ನಡುವಿನ ಕೊಂಡಿ ಬೆಸೆದುಕೊಂಡಿತು. ಹೊರೆ ಬರೀ ಪ್ರಯಾಣಿಕನದಾದಾಗ ಅದನ್ನು ಬೆಸೆಯುವ ಅವಸರ ಯಾರಿಗೂ ಉಳಿಯಲಿಲ್ಲ.

ಇಂದಿನ ಕಾಲದ ಉದಾಹರಣೆಗೆ ವೆನಿಸ್‌ಗಿಂತ ಒಳ್ಳೆಯ ಊರಿಲ್ಲ. ಅಲ್ಲಿ ಮಾರಿತಿಮಾ ಎಂಬ ಹಡಗು ನಿಲ್ದಾಣದಿಂದ ಪಿಯಾತ್ಸಾಲೆ ರೋಮಾ ಎಂಬ ಬಸ್ ನಿಲ್ದಾಣದವರೆಗೆ 2010ರಲ್ಲಿ ಕಂಬಗಳ ಮೇಲೆ ಓಡುವ ಪುಟ್ಟ ರೈಲು ಬಂತು. ನೆಲಮಟ್ಟ ಸಮ, ಬಾಗಿಲು ಅಗಲ, ಪೆಟ್ಟಿಗೆ ತಳ್ಳಿಕೊಂಡು ಹತ್ತಬಹುದು, ಕೆಲವೇ ನಿಮಿಷದ ದಾರಿ. ಅಲ್ಲಿಂದ ಸಾಂತಾ ಲೂಚಿಯಾ ರೈಲು ನಿಲ್ದಾಣ ಕಣ್ಣಿಗೆ ಕಾಣುವಷ್ಟು ಹತ್ತಿರ, ನಡುವೆ ಇರುವುದು ಗ್ರ್ಯಾಂಡ್ ಕ್ಯಾನಲ್ ಮಾತ್ರ. ಅದರ ಮೇಲೆ 2008ರಲ್ಲಿ ಸ್ಪೇನಿನ ಹೆಸರಾಂತ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವ ಒಂದು ಸೇತುವೆ ಕಟ್ಟಿದರು. ಚೆಲುವಾದ ಸೇತುವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ತುಂಬ ಮೆಟ್ಟಿಲು, ಮೆಟ್ಟಿಲಿಗೆ ಗಾಜು. ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ನಡುವೆ ಹೋಗುವವರು ಕೈಯಲ್ಲಿ ಪೆಟ್ಟಿಗೆ ಹಿಡಿದಿರುತ್ತಾರೆ ಎಂಬುದು ಯಾರಿಗೂ ಹೊಳೆಯಲಿಲ್ಲವೇ? ಗಾಜು ಮಳೆಗೆ ಜಾರಿತು, ಜನ ಬಿದ್ದರು, ಪೆಟ್ಟಿಗೆಗಳ ಹೊಡೆತಕ್ಕೆ ಮೆಟ್ಟಿಲುಗಳು ಅವಧಿಗೆ ಬಹಳ ಮೊದಲೇ ಸವೆದು ಒಡೆದವು. ಗಾಲಿಕುರ್ಚಿಯವರಿಗೆಂದು ಆಮೇಲೆ ಸೇತುವೆಯ ಮಗ್ಗುಲಿಗೆ ಮೊಟ್ಟೆಯಾಕಾರದ ಒಂದು ತೂಗುಪೆಟ್ಟಿಗೆ ಜೋಡಿಸಿದರು. ಅದು ಹತ್ತು ವರ್ಷವೂ ಬಾಳಲಿಲ್ಲ, 2020ರಲ್ಲಿ ಅದನ್ನು ಕಳಚಿ ತೆಗೆದರು. 2019ರಲ್ಲಿ ಇಟಲಿಯ ಲೆಕ್ಕಪರಿಶೋಧನಾ ನ್ಯಾಯಾಲಯ ವಾಸ್ತುಶಿಲ್ಪಿಗೆ 78,000 ಯೂರೋ ದಂಡ ವಿಧಿಸಿತು. ದಂಡ ತೆತ್ತರೆ ಮೆಟ್ಟಿಲು ಇಳಿಜಾರಾಗುತ್ತದೆಯೇ? 2021ರ ಆಗಸ್ಟಿನಿಂದ ದೊಡ್ಡ ಹಡಗುಗಳು ಊರೊಳಗಿನ ಜೂದೆಕ್ಕಾ ಕಾಲುವೆಗೆ ಬರುವಂತಿಲ್ಲ, ಅವು ಈಗ ಆಚೆಯ ಮಾರ್ಗೇರಾ ಕಡೆ ನಿಲ್ಲುತ್ತವೆ. ವೆನಿಸ್ ಸುತ್ತಲಿನ ಲಗೂನಿನ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ಆದರೆ ಆ ಪುಟ್ಟ ರೈಲು ಇರುವುದು ಒಂದು ಕಡೆ, ದೊಡ್ಡ ಹಡಗುಗಳು ನಿಲ್ಲುವುದು ಇನ್ನೊಂದು ಕಡೆ ಆಗಿಬಿಟ್ಟಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ನ್ಯಾಯವಾದದ್ದೇ. ಅಷ್ಟೊಂದು ಹೊತ್ತುಕೊಂಡು ಹೋಗುವುದೇಕೆ? ಕಡಿಮೆ ತುಂಬಿಕೊಂಡರೆ ಮೆಟ್ಟಿಲಾದರೇನು, ರಸ್ತೆಯಾದರೇನು? ಸೂಟ್‌ಕೇಸಿಗೆ ಚಕ್ರ ಬಂದದ್ದೂ ಇದಕ್ಕೇ ಅಲ್ಲವೇ? ಅಮೆರಿಕದ ಬರ್ನಾರ್ಡ್ ಸ್ಯಾಡೊ ಅದಕ್ಕೆ ಪೇಟೆಂಟ್ ಪಡೆದದ್ದು 1972ರಲ್ಲಿ. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಎರಡು ಚಕ್ರ, ಉದ್ದನೆಯ ಹಿಡಿಕೆ ಸೇರಿಸಿ ಈಗಿನ ರೂಪ ಕೊಟ್ಟರು. ಚಕ್ರದಿಂದ ಉಪಕಾರವಾಗಿದೆ, ಇಲ್ಲವೆನ್ನಲಾಗದು. ಆದರೆ ಚಕ್ರ ಹುಟ್ಟಿದ್ದು ವಿಮಾನ ನಿಲ್ದಾಣದ ನುಣುಪು ನೆಲದ ಭರವಸೆಯಲ್ಲಿ. ಅದು ಭಾರವನ್ನು ಕೈಯಿಂದ ನೆಲಕ್ಕೆ ದಾಟಿಸುತ್ತದೆ, ನೆಲ ಒಪ್ಪದಿದ್ದರೆ ಕೈಗೇ ವಾಪಸು. ನಾವು ಎಳೆದುಕೊಂಡು ಹೋಗಬಲ್ಲೆವು ಎಂದಾದ ಮೇಲೆ ವ್ಯವಸ್ಥೆಗಳು ನಿಶ್ಚಿಂತವಾದವು. 2014ರಲ್ಲಿ ವೆನಿಸ್ ನಗರಾಡಳಿತ ಚಕ್ರದ ಗಡಗಡ ಸದ್ದಿನಿಂದ ನಿವಾಸಿಗಳ ನಿದ್ದೆ ಕೆಡುತ್ತದೆಂದು ಗಟ್ಟಿ ಚಕ್ರಗಳ ಮೇಲೆ ದಂಡ ಹಾಕುವ ಪ್ರಸ್ತಾವ ತಂದು, ಗದ್ದಲವಾದ ಮೇಲೆ ಅದು ಪ್ರವಾಸಿಗರಿಗೆ ಅನ್ವಯಿಸುವುದಿಲ್ಲ ಎಂದಿತು. ಕಡಿಮೆ ಹೊರುವುದು ಒಳ್ಳೆಯ ಅಭ್ಯಾಸವೇ ಆದರೂ ಔಷಧಿ, ಮಗುವಿನ ಸಾಮಾನು, ಚಳಿಯ ಬಟ್ಟೆ ಇವನ್ನೆಲ್ಲ ಉಪದೇಶದಿಂದ ಹಗುರ ಮಾಡಲಾಗದು.

ಟ್ಯಾಕ್ಸಿ ಇದೆಯಲ್ಲ, ಹಮಾಲಿ ಇದ್ದಾನಲ್ಲ ಎನ್ನುವವರೂ ಇದ್ದಾರೆ. ಒಂದೇ ಹಡಗಿನಿಂದ ಎರಡು ಮೂರು ಗಂಟೆಯಲ್ಲಿ ಮೂರು ಸಾವಿರ ಜನ ಇಳಿದರೆ ಟ್ಯಾಕ್ಸಿ ಸಾಲು ಎಲ್ಲಿಗೆ ಸಾಕು? ಹಮಾಲಿಯ ವಿಚಾರ ಇನ್ನೂ ಸೂಕ್ಷ್ಮ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ರೈಲು ನಿಲ್ದಾಣದ ಪೂರ್ವಕ್ಕೆ, ಹಡಗುಕಟ್ಟೆಗಳ ಬದಿಯಲ್ಲಿ ಹಾಯುವ ರಸ್ತೆಯ ಹೆಸರು ಪಿ. ಡಿಮೆಲ್ಲೊ ರಸ್ತೆ. ಆ ಪ್ಲಾಸಿಡ್ ಡಿಮೆಲ್ಲೊ ದಕ್ಷಿಣ ಕನ್ನಡ ಮೂಲದವರು, ಬಂದರು ಕಾರ್ಮಿಕರನ್ನು ಸಂಘಟಿಸಿದವರು. ಮಂಗಳೂರಿನಿಂದ ಹೋದ ಜಾರ್ಜ್ ಫರ್ನಾಂಡಿಸರು ಪಳಗಿದ್ದು ಅವರ ಜೊತೆಯಲ್ಲೇ. ತಲೆಯ ಮೇಲೆ ಹೊರುವವನಿಗೂ ಒಂದು ದರ, ಒಂದು ಹಕ್ಕು ಇರಬೇಕೆಂಬುದು ಅಂಥವರ ಹೋರಾಟದ ತಿರುಳು. ಅದನ್ನು ಒಪ್ಪುವವರು ಮೆಟ್ಟಿಲನ್ನು ಉಳಿಸಿಕೊಳ್ಳುವುದಕ್ಕೆ ಹಮಾಲಿಯ ಹೊಟ್ಟೆಪಾಡನ್ನು ನೆಪ ಮಾಡಲಾರರು. ಗೊತ್ತಾದ ದರ, ಕೈಗಾಡಿ, ಸಮನೆಲ ಕೊಟ್ಟರೆ ಅವನ ದುಡಿಮೆಯೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ.

ಕಡೆಯ ಆಕ್ಷೇಪವೇ ಹೆಚ್ಚು ಖಾರದ್ದು. ಹಡಗಿನಲ್ಲಿ ವಿಹಾರ ಹೋಗುವವರು ಉಳ್ಳವರು; ಅವರ ಪೆಟ್ಟಿಗೆಗೆ ಸಾರ್ವಜನಿಕ ಹಣವೇಕೆ? ಆದರೆ ನಿಜವಾಗಿ ಉಳ್ಳವರು ರೈಲು ಹುಡುಕುವುದಿಲ್ಲ, ಅವರಿಗೆ ಬಾಗಿಲಿಗೇ ಕಾರು ಬರುತ್ತದೆ. ರೈಲು ಕೇಳುವವರು ಖರ್ಚು ಲೆಕ್ಕ ಹಾಕುವವರು, ನಿವೃತ್ತಿಯ ಹಣದಲ್ಲಿ ಒಮ್ಮೆ ಊರು ನೋಡಲು ಹೊರಟವರು. ಇನ್ನೊಂದು ವರ್ಗವನ್ನು ನಾವು ಮರೆತೇಬಿಡುತ್ತೇವೆ: ಹಡಗಿನಲ್ಲಿ ದುಡಿಯುವವರು. ಗೋವಾ, ಮಂಗಳೂರು ಕಡೆಯ ಎಷ್ಟೋ ಯುವಕರು ಅಡುಗೆಮನೆಯಲ್ಲಿ, ಕ್ಯಾಬಿನ್ ಕೆಲಸದಲ್ಲಿ ತಿಂಗಳುಗಟ್ಟಲೆ ಕರಾರಿನ ಮೇಲೆ ಇರುತ್ತಾರೆ. ಅಷ್ಟು ದಿನದ ಬದುಕನ್ನೆಲ್ಲ ಎರಡು ಪೆಟ್ಟಿಗೆಯಲ್ಲಿ ತುಂಬಿಕೊಂಡು ಅವರೂ ಇಂಥ ಧಕ್ಕೆಗಳಲ್ಲೇ ಇಳಿದು ಊರಿನ ದಾರಿ ಹಿಡಿಯುತ್ತಾರೆ.

2025ರಲ್ಲಿ ಬ್ಯಾಲಾರ್ಡ್ ಪಿಯರ್‌ನಲ್ಲಿ ಹೊಸ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಗಿದೆ. ಅಲ್ಲಿಂದ ಸಿಎಸ್‌ಎಂಟಿಗೆ ದೂರ ಎರಡು ಕಿಲೋಮೀಟರಿನ ಆಸುಪಾಸು. ಬೆಂಗಳೂರಿಗೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಹೊರಡುವುದು ಅಲ್ಲಿಂದಲೇ. ಧಕ್ಕೆಗೆ ಮತ್ತೆ ಹಳಿ ಹಾಕಿ ಎಂದು ಕೇಳಬೇಕಾಗಿಲ್ಲ, 96 ಜನರ ಕಾಲದ ಪರಿಹಾರ ಸಾವಿರಾರು ಜನರ ಕಾಲಕ್ಕೆ ಒಗ್ಗುವುದೂ ಇಲ್ಲ. ಬೇಕಿರುವುದು ಇಷ್ಟೇ: ಹಡಗು ಬರುವ ದಿನ ರೈಲಿನ ವೇಳೆಗೆ ಹೊಂದುವ, ಪೆಟ್ಟಿಗೆ ಇಡಲು ಜಾಗವಿರುವ, ತಗ್ಗು ಮೆಟ್ಟಿಲಿನ ಬಸ್ಸು, ಒಡೆಯದ ಕಾಲುದಾರಿ, ರೈಲು ಸಂಜೆಗಿದ್ದರೆ ಬೆಳಿಗ್ಗೆಯೇ ಸಾಮಾನು ಒಪ್ಪಿಸಿ ರಸೀದಿ ಪಡೆಯುವ ಕೌಂಟರು. ಇದಕ್ಕೆಲ್ಲ ಟರ್ಮಿನಲ್ ಕಟ್ಟಿದ ಹಣದ ಸಣ್ಣ ಪಾಲು ಸಾಕು. ಆದರೆ ಅದನ್ನು ಖರ್ಚು ಮಾಡಬೇಕಾದವರು ಬಂದರಿನವರೋ, ರೈಲ್ವೆಯವರೋ, ಮಹಾನಗರಪಾಲಿಕೆಯವರೋ ಎಂಬುದು ಮೊದಲು ಕಾಗದದ ಮೇಲೆ ತೀರ್ಮಾನವಾಗಬೇಕು.