ಢಮ್ ಅಂದಾಗ ಮಾತು ಎಲ್ಲಿ ಹೋಗುತ್ತದೆ?

2020ರ ಮೇ 20, ಲಾಕ್‌ಡೌನ್ ದಿನಗಳು. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಬೆಂಗಳೂರಿನ ಆಕಾಶದಲ್ಲಿ ಢಮ್ಮೆಂದು ಭಾರಿ ಸದ್ದಾಯಿತು. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಕಿಟಕಿಗಳು ಗಡಗಡ ಅಂದವು. ಭೂಕಂಪವೇ? ಅಲ್ಲ, ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಸಂಜೆಗೆ ಗುಟ್ಟು ರಟ್ಟಾಯಿತು: ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರಿತ್ತು. ಹಾಗೆ ಹಾರುವಾಗ ಗಾಳಿಯ ಒತ್ತಡದ ಅಲೆಗಳು ಒಂದರ ಮೇಲೊಂದು ಒತ್ತರಿಸಿ, ಒಟ್ಟಿಗೇ ನಮ್ಮ ಕಿವಿಗೆ ಬಡಿಯುತ್ತವೆ.

ವಿಮಾನದ ಕತೆ ಅಲ್ಲಿರಲಿ. ನನಗೆ ಕುತೂಹಲವಿರುವುದು ಅಂಥ ಸದ್ದು ಕೇಳಿ ದಂಗಾಗುವವರ ಬಗ್ಗೆ.

ಮೊದಲು ಕಣ್ಣು ಪಟಕ್ಕನೆ ಮುಚ್ಚತೊಡಗುತ್ತದೆ, ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ. ಭುಜ ಮೇಲೇರುತ್ತದೆ, ಕುತ್ತಿಗೆ ಒಳಸರಿಯುತ್ತದೆ. ಇದೆಲ್ಲ ಮಿದುಳಿನ ಬುಡದಲ್ಲಿರುವ ಮಿದುಳುಕಾಂಡದ ಕೆಲಸ. ‘ಏನಾಯಿತು’ ಎಂದು ನಾವು ಯೋಚಿಸುವ ಮೊದಲೇ ಅದು ಮುಗಿದಿರುತ್ತದೆ. ಜೊತೆಗೆ ‘ಹಾ!’ ಎಂದು ಉಸಿರು ಒಳಗೆಳೆದುಕೊಳ್ಳುತ್ತೇವೆ. ಮಾತು ಸಿಕ್ಕಿಬೀಳುವುದು ಇಲ್ಲೇ. ನಂಬಿಕೆ ಬರಲಿಲ್ಲವೇ? ಉಸಿರು ಒಳಗೆಳೆಯುತ್ತಲೇ ‘ಜಯನಗರ ನಾಲ್ಕನೇ ಬ್ಲಾಕ್’ ಅಂತ ಹೇಳಿ ನೋಡಿ. ‘ಜಯ’ ಅನ್ನುವಷ್ಟರಲ್ಲೇ ಸ್ವರ ಕೀರಲಾಗುತ್ತದೆ! ಧ್ವನಿತಂತುಗಳು ಚೆನ್ನಾಗಿ ಮಿಡಿಯುವುದು ಉಸಿರು ಹೊರಗೆ ಹೋಗುವಾಗ. ಒಳಗೆಳೆಯುವಾಗ ಅವು ಬಾಗಿಲು ತೆರೆದಂತೆ ಅಗಲವಾಗಿ ನಿಂತಿರುತ್ತವೆ.

ಸದ್ದು ನಿಂತ ಮೇಲೂ ನಾವು ಕ್ಷಣಕಾಲ ಕದಲುವುದಿಲ್ಲ. ಲಾಲ್‌ಬಾಗಿನ ಅಳಿಲೂ ಹೀಗೇ. ನಿಮ್ಮ ಹೆಜ್ಜೆ ಸಪ್ಪಳಕ್ಕೆ ಕಾಂಡಕ್ಕೆ ಅವಚಿಕೊಂಡು ನಿಂತುಬಿಡುತ್ತದೆ, ಬಾಲವೂ ಅಲುಗದು. ಅಲುಗಿದ್ದು ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ನಿಶ್ಚಲವಾಗಿದ್ದದ್ದು ಅಷ್ಟು ಬೇಗ ಬೀಳುವುದಿಲ್ಲ. ನಮ್ಮದೇ ಗದ್ದಲ ನಿಂತರೆ ಸುತ್ತಲಿನ ಸದ್ದು ಚೆನ್ನಾಗಿ ಕೇಳಿಸುತ್ತದೆ, ಅದು ಇನ್ನೊಂದು ಲಾಭ. ಹೆದರಿದಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ ಅನ್ನುತ್ತೇವಲ್ಲ? ಹೀಗೆ ಕಲ್ಲಿನಂತೆ ನಿಂತ ಗಳಿಗೆಯಲ್ಲಿ ಎಷ್ಟೋ ಸಲ ಎದೆಬಡಿತ ನಿಧಾನವಾಗುತ್ತದೆ. ಡವಡವ ಆಮೇಲೆ.

ಹೀಗೆ ನಿಲ್ಲುವಂತೆ ಮಾಡುವ ಅಪಾಯದ ಸುಳಿವು ಹಿಡಿಯುವುದರಲ್ಲಿ ಅಮಿಗ್ಡಲದ ಪಾತ್ರ ದೊಡ್ಡದು. ಅದು ಮಿದುಳಿನೊಳಗಿನ ಬಾದಾಮಿ ಆಕಾರದ ಪುಟ್ಟ ಭಾಗ, ಎಡಕ್ಕೊಂದು, ಬಲಕ್ಕೊಂದು. ಜಯನಗರದ ಮಗ್ಗುಲಲ್ಲೇ, ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ, ಮಿದುಳಿನ ಸಂಗ್ರಹಾಲಯವಿದೆ. ಅಲ್ಲಿರುವುದು ಮನುಷ್ಯರ ನಿಜವಾದ ಮಿದುಳುಗಳು. ಹೋದರೆ ಅಮಿಗ್ಡಲ ತೋರಿಸಿ ಎಂದು ಕೇಳಿ. ಇಡೀ ಮಿದುಳಿನ ಹೊರಮೈಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಆಳದಲ್ಲಿರುವುದರಿಂದ ಸೀಳಿಟ್ಟ ಮಿದುಳನ್ನೇ ನೋಡಬೇಕು.