ಗದ್ದಲದ ಹಿಂದಿನ ಬೆರಳುಗಳು



ಮನೆಯಲ್ಲಿ ನೀವು ಹೆವಿ ಮೆಟಲ್ ಸಂಗೀತ ಹಾಕಿದರೆ "ಅದೇನು ಗದ್ದಲ, ಮೊದಲು ನಿಲ್ಲಿಸು" ಎಂಬ ಮಾತು ಒಳಗಿನಿಂದ ಬಂದೇ ಬರುತ್ತದೆ. ಹಿರಿಯರಿಗೆ ಅದು ತಲೆನೋವು, ನಿಮಗೆ ಪ್ರಾಣ. ಈ ಜಗಳದಲ್ಲಿ ಯಾರ ಪಕ್ಷವನ್ನಾದರೂ ವಹಿಸುವ ಮೊದಲು, ಈ ಸದ್ದು ಹುಟ್ಟಿದ್ದು ಹೇಗೆ ಎಂದು ಕೇಳೋಣ. ಉತ್ತರ ಹುಡುಕಲು ಒಂದೇ ಒಂದು ಆಲ್ಬಮ್ ಸಾಕು. ಇಂಗ್ಲೆಂಡಿನ 'ಬ್ಲ್ಯಾಕ್ ಸಬ್ಬತ್' ತಂಡ ತನ್ನದೇ ಹೆಸರಿನಲ್ಲಿ 1970ರ ಫೆಬ್ರವರಿ 13ರಂದು ಹೊರತಂದ ಮೊದಲ ಆಲ್ಬಮ್ ಅದು. ಹೆವಿ ಮೆಟಲ್ ಅಲ್ಲಿಂದಲೇ ಆರಂಭವಾಯಿತೆಂದು ಅನೇಕರು ಎಣಿಸುತ್ತಾರೆ.

ತಂಡದಲ್ಲಿದ್ದವರು ನಾಲ್ವರು: ಗಾಯಕ ಓಝಿ ಆಸ್ಬೋರ್ನ್, ಗಿಟಾರ್ ನುಡಿಸುವ ಟೋನಿ ಅಯೋಮಿ, ಬೇಸ್ ಗಿಟಾರಿನ ಗೀಝರ್ ಬಟ್ಲರ್, ಡ್ರಮ್ ಬಾರಿಸುವ ಬಿಲ್ ವಾರ್ಡ್. ಎಲ್ಲರೂ ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮಿನ ಹುಡುಗರು. ಅಯೋಮಿ 17ನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅಲ್ಲಿ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಗೈಯಲ್ಲಿ ಮೀಟುವವನು. ತಂತಿ ಒತ್ತಬೇಕಾದದ್ದು ಆ ಗಾಯಗೊಂಡ ಬಲಗೈಯೇ!

ಕಾರ್ಖಾನೆಯ ಮೇಲ್ವಿಚಾರಕ ಅವನಿಗೆ ಜ್ಯಾಂಗೋ ರೈನ್‌ಹಾರ್ಟ್ ನುಡಿಸಿದ ರೆಕಾರ್ಡು ಕೇಳಿಸಿದ. ಬೆಂಕಿ ಅನಾಹುತದಲ್ಲಿ ಎರಡು ಬೆರಳು ಊನವಾದರೂ ಹೆಸರಾದ ಗಿಟಾರ್ ವಾದಕ ಆತ. ಅಯೋಮಿಗೆ ಧೈರ್ಯ ಬಂತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿದ, ಮೇಲೆ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು. ಆದ್ದರಿಂದ ಬ್ಯಾಂಜೋ ವಾದ್ಯದ ತೆಳು ತಂತಿಗಳನ್ನು ಗಿಟಾರಿಗೆ ಕಟ್ಟಿದ.

ಸೋನೋಮೀಟರ್ ಪ್ರಯೋಗ ಮಾಡಿದವರಿಗೆ ಇದರ ಕಾರಣ ಹೊಳೆದಿರಬೇಕು. ತಂತಿಯ ಉದ್ದವೂ ಸ್ವರವೂ ಬದಲಾಗದಿದ್ದರೆ, ತಂತಿ ಹಗುರವಾದಷ್ಟೂ ಕಡಿಮೆ ಬಿಗಿತ ಸಾಕು. ಬಿಗಿತ ಕಡಿಮೆಯಾದರೆ ಬೆರಳಿಗೆ ಶ್ರಮವೂ ಕಡಿಮೆ. ಪಠ್ಯಪುಸ್ತಕದ ಆ ಸೂತ್ರ ಇಲ್ಲಿ ಒಬ್ಬ ಹುಡುಗನ ಬದುಕನ್ನೇ ಉಳಿಸಿತು.

ಈಗ ಆಲ್ಬಮಿನ ಮೊದಲ ಹಾಡು ಕೇಳಿ. ಮಳೆ, ಗುಡುಗು, ದೂರದ ಗಂಟೆ. ಆಮೇಲೆ ಗಿಟಾರಿನ ಮೂರೇ ಸ್ವರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ತಾರಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಷಡ್ಜಕ್ಕೆ ಸೆಕೆಂಡಿಗೆ 200 ಕಂಪನವೆಂದುಕೊಂಡರೆ ತಾರಷಡ್ಜಕ್ಕೆ 400, ಪ್ರತಿಮಧ್ಯಮಕ್ಕೆ ಸುಮಾರು 283. ಮೊದಲನೆಯದು ಸರಳ ಅನುಪಾತ, ಕಿವಿಗೆ ಹಿತ. ಎರಡನೆಯದು ಸರಳವಲ್ಲ, ಕಿವಿ ಚಡಪಡಿಸುತ್ತದೆ. ಯೂರೋಪಿನಲ್ಲಿ ಹಿಂದೆ ಈ ಅಂತರವನ್ನು ಪಿಶಾಚಿಯ ಸ್ವರವೆಂದು ಕರೆದದ್ದುಂಟು.

ಆದರೆ ನಮ್ಮ ಕಲ್ಯಾಣಿ ರಾಗದಲ್ಲಿರುವುದೂ ಇದೇ ಪ್ರತಿಮಧ್ಯಮ! 72 ಮೇಳಕರ್ತ ರಾಗಗಳಲ್ಲಿ 36ಕ್ಕೆ ಇದೇ ಆಧಾರ. ಕಲ್ಯಾಣಿ ಕೇಳಿ ಯಾರೂ ಹೆದರುವುದಿಲ್ಲ. ಅಲ್ಲಿ ಸುತ್ತಲಿನ ಸ್ವರಗಳು ಅದನ್ನು ಕೈಹಿಡಿದು ಪಂಚಮಕ್ಕೆ ಕರೆದೊಯ್ಯುತ್ತವೆ. ಇಲ್ಲಿಯೋ, ಅದು ಒಂಟಿಯಾಗಿ ನಡುಗುತ್ತಾ ನಿಲ್ಲುತ್ತದೆ. ಭಯವಿರುವುದು ಸ್ವರದಲ್ಲಲ್ಲ, ಅದನ್ನು ನಿಲ್ಲಿಸಿದ ಜಾಗದಲ್ಲಿ.

ಆಲ್ಬಮಿನ ಬಹುಪಾಲು ಹಾಡುಗಳು 1969ರ ಅಕ್ಟೋಬರ್ 16ರಂದು, ಲಂಡನ್ನಿನ ಸ್ಟುಡಿಯೋ ಒಂದರಲ್ಲಿ, ಒಂದೇ ದಿನದಲ್ಲಿ ಧ್ವನಿಮುದ್ರಣಗೊಂಡವು. ಮಳೆ, ಗಂಟೆಗಳನ್ನು ಆನಂತರ ಸೇರಿಸಲಾಯಿತು. ಸ್ಟುಡಿಯೋದಲ್ಲಿ ದುಡಿಯುವ ನಮಗೆ ಗೊತ್ತು, ವೇಳೆ ಇಲ್ಲದಾಗ ಕೈಹಿಡಿಯುವುದು ಅಭ್ಯಾಸವೊಂದೇ. ಜರ್ಮನಿಯ ಹ್ಯಾಂಬರ್ಗ್ ಕ್ಲಬ್ಬಿನಲ್ಲಿ ದಿನಕ್ಕೆ ಹಲವು ಸರದಿ ನುಡಿಸಿ ಅವರು ಪಳಗಿದ್ದರು. ವಿಮರ್ಶಕರು ಆಲ್ಬಮನ್ನು ಹಳಿದರು. ಕೇಳುಗರು ಅದನ್ನು ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿಸಿದರು. ಆ ನಾಲ್ವರು ಕೊನೆಯದಾಗಿ ಒಟ್ಟಿಗೆ ನುಡಿಸಿದ್ದು 2025ರ ಜುಲೈ 5ರಂದು, ತಮ್ಮ ಬರ್ಮಿಂಗ್‌ಹ್ಯಾಮಿನಲ್ಲೇ. ಅದೇ ತಿಂಗಳ 22ರಂದು ಓಝಿ ತೀರಿಕೊಂಡರು.

ಈ ಸಂಗೀತ ನಿಮಗೆ ಹಿಡಿಸಲೇಬೇಕೆಂದು ನಾನು ಹೇಳುವುದಿಲ್ಲ. ಒಂದು ಹಾರ್ಮೋನಿಯಮ್ ಸಿಕ್ಕರೆ ಆ ಮೂರು ಸ್ವರ ಒತ್ತಿ ನೋಡಿ. ಆಮೇಲೆ ಕಲ್ಯಾಣಿ ನುಡಿಸಿ, ಗದರಿದ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗದ್ದಲ ಹೌದೋ ಅಲ್ಲವೋ, ಇಬ್ಬರೂ ಕೇಳಿ ತೀರ್ಮಾನಿಸಿ.